ಜಮೀನ್ದಾರನ ಆಟ ಕಟ್ಟಿದ ಲಿಜ್ಜಿ

ಬಿಸಿನೆಸ್ ಆಟ ಆಡದವರು ನಮ್ಮ ವಯಸ್ಸಿನವರಲ್ಲಿ ಕಡಿಮೆ. ಮಡಚುವ ರಟ್ಟಿನ ಹಲಗೆ, ಎರಡು ದಾಳ, ಬಣ್ಣಬಣ್ಣದ ಸುಳ್ಳು ನೋಟು, ಪ್ಲಾಸ್ಟಿಕ್ಕಿನ ಪುಟ್ಟ ಮನೆಗಳು. ಮುಂಬೈಗೆ ಗಂಟು ಬೀಳುವವನೊಬ್ಬ, ಸಾಲ ಕೊಡದೆ ಸತಾಯಿಸುವವಳೊಬ್ಬಳು, ಬ್ಯಾಂಕು ನೋಡಿಕೊಳ್ಳುತ್ತೇನೆಂದು ಕೂತು ನೋಟು ಎಗರಿಸುವ ದೊಡ್ಡಪ್ಪನ ಮಗನೊಬ್ಬ. ಬೇಸಿಗೆ ರಜೆಯ ಎಷ್ಟೋ ಮಧ್ಯಾಹ್ನಗಳು ಹೀಗೇ ಕಳೆದಿವೆ. ಆ ಡಬ್ಬಿಯ ಹಿಂದೆ ಇರುವುದು ಅಮೆರಿಕದ ಮೊನೊಪೊಲಿ. ಅಲ್ಲಿನ ಬೀದಿಗಳ ಬದಲು ಇಲ್ಲಿ ನಮ್ಮ ಊರುಗಳು, ಡಾಲರ್ ಬದಲು ರೂಪಾಯಿ. ಉಳಿದಿದ್ದೆಲ್ಲ ಹೆಚ್ಚುಕಡಿಮೆ ಅದೇ.

ಮೊನೊಪೊಲಿ ಹುಟ್ಟಿದ್ದು ಹೇಗೆ ಎಂದು ಕೇಳಿದರೆ ಬಹಳ ಕಾಲ ಒಂದೇ ಕತೆ ಹೇಳುತ್ತಿದ್ದರು. 1930ರ ದಶಕದ ಮಹಾ ಆರ್ಥಿಕ ಕುಸಿತದಲ್ಲಿ ಕೆಲಸ ಕಳೆದುಕೊಂಡ ಚಾರ್ಲ್ಸ್ ಡ್ಯಾರೋ ಎಂಬಾತ ಮನೆಯಲ್ಲಿ ಕೂತು ಈ ಆಟ ಕಂಡುಹಿಡಿದು ಕೋಟ್ಯಧಿಪತಿಯಾದ ಎಂದು. ನಿರುದ್ಯೋಗಿಗಳಿಗೆ ಹುರುಪು ತುಂಬುವ ಕತೆ. ಕೆಲಸ ಹುಡುಕುತ್ತಿರುವ ನನಗೂ ಇಷ್ಟವಾಗಿತ್ತು. ಆದರೆ ಅದು ಅರ್ಧವೂ ನಿಜವಲ್ಲ. ಡ್ಯಾರೋಗಿಂತ 30 ವರ್ಷ ಮೊದಲೇ ಒಬ್ಬ ಸ್ಟೆನೊಗ್ರಾಫರ್ ಈ ಆಟ ಕಟ್ಟಿ, ಸರ್ಕಾರದಿಂದ ಪೇಟೆಂಟ್ ಕೂಡ ಪಡೆದಿದ್ದರು. ಹೆಸರು ಎಲಿಜಬೆತ್ ಮೆಗೀ. ಎಲ್ಲರಿಗೂ ಲಿಜ್ಜಿ.

ಈಕೆಯ ಬದುಕಿನ ಬಗ್ಗೆ ಓದುತ್ತ ಹೋದಂತೆ ನನಗೆ ಡ್ಯಾರೋ ಕತೆಗಿಂತ ಇದೇ ನಮ್ಮಂಥವರಿಗೆ ಹತ್ತಿರದ್ದು ಅನ್ನಿಸಿತು. ಹಾಗಾಗಿ ಈ ಬರಹ.

ವಿಳಾಸವಿಲ್ಲದ ಕಾಗದಗಳ ನಡುವೆ

ಲಿಜ್ಜಿ ಹುಟ್ಟಿದ್ದು 1866ರಲ್ಲಿ, ಅಮೆರಿಕದ ಇಲಿನಾಯ್ ರಾಜ್ಯದ ಮಕೋಂಬ್ ಎಂಬ ಊರಿನಲ್ಲಿ. ಗುಲಾಮಗಿರಿಯ ವಿಚಾರಕ್ಕೆ ನಡೆದ ಅಂತರ್ಯುದ್ಧ ಮುಗಿದು ಒಂದು ವರ್ಷವಾಗಿತ್ತಷ್ಟೆ. ಅಪ್ಪ ಜೇಮ್ಸ್ ಮೆಗೀ ಪತ್ರಿಕೆ ನಡೆಸುತ್ತಿದ್ದರು. ಗುಲಾಮಗಿರಿಯ ಕಟ್ಟಾ ವಿರೋಧಿ. 1858ರಲ್ಲಿ ಅಬ್ರಹಾಂ ಲಿಂಕನ್ ಇಲಿನಾಯ್ ಊರೂರು ಸುತ್ತಿ ಸ್ಟೀಫನ್ ಡಗ್ಲಸ್ ಜತೆ ಚರ್ಚೆ ನಡೆಸಿದಾಗ ಜತೆಗೆ ಓಡಾಡಿದವರು. ಮನೆಯಲ್ಲಿ ರಾಜಕೀಯದ ಮಾತು ಊಟದಷ್ಟೇ ಸಹಜವಾಗಿತ್ತೆಂದು ಊಹಿಸಬಹುದು.

ಅಪ್ಪ ಮಗಳ ಕೈಗೆ ಒಂದು ಪುಸ್ತಕ ಕೊಟ್ಟರು. ಹೆನ್ರಿ ಜಾರ್ಜ್ ಎಂಬ ಚಿಂತಕ 1879ರಲ್ಲಿ ಪ್ರಕಟಿಸಿದ 'ಪ್ರೋಗ್ರೆಸ್ ಅಂಡ್ ಪಾವರ್ಟಿ'. ಲಿಜ್ಜಿಯ ಮುಂದಿನ ಬದುಕನ್ನು ನಿರ್ಧರಿಸಿದ್ದು ಆ ಪುಸ್ತಕ ಎಂದರೆ ತಪ್ಪಿಲ್ಲ.

ಹೆನ್ರಿ ಜಾರ್ಜ್ ಕೇಳಿದ ಪ್ರಶ್ನೆ ಸರಳ. ದೇಶ ಇಷ್ಟೊಂದು ಮುಂದುವರಿಯುತ್ತಿದ್ದರೂ ಬಡತನ ಏಕೆ ಹೋಗುತ್ತಿಲ್ಲ? ಅವರು ಕಂಡುಕೊಂಡ ಉತ್ತರ ಭೂಮಿಯಲ್ಲಿತ್ತು. ಒಂದು ಖಾಲಿ ಸೈಟಿದೆ ಅಂದುಕೊಳ್ಳಿ. ಅದರ ಮಾಲೀಕ ಅಲ್ಲಿ ಒಂದು ಗಿಡವನ್ನೂ ನೆಟ್ಟಿಲ್ಲ. ಪಕ್ಕದಲ್ಲಿ ಮೆಟ್ರೊ ನಿಲ್ದಾಣ ಬಂತು, ಶಾಲೆ ಬಂತು, ಅಂಗಡಿಗಳು ಬಂದವು. ಸೈಟಿನ ಬೆಲೆ ನಾಲ್ಕು ಪಟ್ಟಾಯಿತು. ಆ ಬೆಲೆ ಹುಟ್ಟಿಸಿದ್ದು ಊರಿನ ಜನ. ಲಾಭ ಮಾತ್ರ ಒಬ್ಬನ ಜೇಬಿಗೆ. ದುಡಿದು ಗಳಿಸಿದ್ದಕ್ಕೆ ತೆರಿಗೆ ಹಾಕಬೇಡಿ, ಕಟ್ಟಿದ ಮನೆಗೂ ಹಾಕಬೇಡಿ, ಬರೀ ನೆಲದ ಬೆಲೆಗೆ ತೆರಿಗೆ ಹಾಕಿ ಆ ಹಣವನ್ನು ಎಲ್ಲರಿಗಾಗಿ ಖರ್ಚು ಮಾಡಿ ಎನ್ನುವುದು ಅವರ ವಾದ. ಇದಕ್ಕೆ ಏಕ ತೆರಿಗೆ ಎಂದೇ ಹೆಸರಾಯಿತು. ಈ ವಾದವನ್ನು ಒಪ್ಪದ ಅರ್ಥಶಾಸ್ತ್ರಜ್ಞರು ಬೇಕಾದಷ್ಟಿದ್ದಾರೆ. ಆದರೆ ಆ ಕಾಲದಲ್ಲಿ ಇದು ದೊಡ್ಡ ಚಳವಳಿ. ಜಾರ್ಜ್ ನ್ಯೂಯಾರ್ಕಿನ ಮೇಯರ್ ಸ್ಥಾನಕ್ಕೆ ಎರಡು ಬಾರಿ ನಿಂತರು. ಎರಡನೇ ಬಾರಿ, 1897ರಲ್ಲಿ, ಮತದಾನಕ್ಕೆ ಕೆಲವೇ ದಿನವಿರುವಾಗ ತೀರಿಕೊಂಡರು.

ಲಿಜ್ಜಿಯ ಕುಟುಂಬ 1880ರ ದಶಕದಲ್ಲಿ ವಾಷಿಂಗ್ಟನ್ ಕಡೆಗೆ ಬಂತು. ಅಲ್ಲಿ ಆಕೆ ಸ್ಟೆನೊ, ಟೈಪಿಸ್ಟ್ ಕೆಲಸ ಹಿಡಿದರು. ದುಡಿದ ಜಾಗಗಳಲ್ಲಿ ಒಂದು ಅಂಚೆ ಇಲಾಖೆಯ ಡೆಡ್ ಲೆಟರ್ ಆಫೀಸ್. ವಿಳಾಸ ಸರಿಯಿಲ್ಲದೆ, ಯಾರಿಗೂ ತಲುಪಿಸಲಾಗದೆ ಉಳಿದ ಕಾಗದಗಳೆಲ್ಲ ಬಂದು ಬೀಳುವ ಕಚೇರಿ ಅದು.

ಹಗಲು ಆ ಕೆಲಸ. ಉಳಿದ ಹೊತ್ತಲ್ಲಿ ಕವಿತೆ, ಸಣ್ಣಕತೆ ಬರೆಯುತ್ತಿದ್ದರು. ರಂಗದ ಮೇಲೆ ಹಾಸ್ಯ ಪಾತ್ರ ಮಾಡುತ್ತಿದ್ದರು. 1893ರಲ್ಲಿ, 26ನೇ ವಯಸ್ಸಿಗೇ, ಟೈಪ್‌ರೈಟರಿನ ರೋಲರ್‌ಗಳ ನಡುವೆ ಕಾಗದ ಸಲೀಸಾಗಿ ಸರಿಯುವಂತೆ ಮಾಡುವ ಸಾಧನವೊಂದಕ್ಕೆ ಪೇಟೆಂಟ್ ಪಡೆದರು. ಅಮೆರಿಕದ ಪೇಟೆಂಟ್‌ಗಳಲ್ಲಿ ಹೆಂಗಸರ ಪಾಲು ಆಗ ನೂರಕ್ಕೆ ಒಂದರಷ್ಟೂ ಇರಲಿಲ್ಲ. ಮದುವೆಯಾಗದೆ, ಸ್ವಂತ ಸಂಬಳದಲ್ಲಿ ಉಳಿಸಿ, ಮೇರಿಲ್ಯಾಂಡ್‌ನಲ್ಲಿ ಒಂದಿಷ್ಟು ಎಕರೆ ಜಮೀನಿನ ಸಮೇತ ಮನೆಯನ್ನೂ ಕೊಂಡರು. ಜಮೀನ್ದಾರರ ವಿರುದ್ಧ ಆಟ ಕಟ್ಟಿದಾಕೆ ಸ್ವತಃ ಜಮೀನಿನ ಒಡತಿ ಎನ್ನುವುದು ಸ್ವಲ್ಪ ವಿಚಿತ್ರ. ಆದರೆ ಆಕೆಯ ಜಗಳ ನೆಲ ಇಟ್ಟುಕೊಂಡವರ ಮೇಲಲ್ಲ, ನಿಯಮದ ಮೇಲೆ.

ಎಚ್ಚರಿಸಲು ಮಾಡಿದ ಆಟ

ಹೆನ್ರಿ ಜಾರ್ಜ್ ವಿಚಾರಗಳನ್ನು ಲಿಜ್ಜಿ ಮೊದಲು ಸಂಜೆ ಪಾಠಗಳಲ್ಲಿ ಹೇಳಿಕೊಡುತ್ತಿದ್ದರು. ಕೇಳುವವರು ಎಷ್ಟು ಮಂದಿ? ಕೆಲಸ ಮುಗಿಸಿ ಸುಸ್ತಾದವರಿಗೆ ತೆರಿಗೆಯ ಪಾಠ ಹೇಳಿದರೆ ನಿದ್ದೆ ಬರುವುದು ಸಹಜ. ಆ ಕಾಲದಲ್ಲಿ ಮಧ್ಯಮ ವರ್ಗದ ಮನೆಗಳಿಗೆ ಬೋರ್ಡ್ ಆಟಗಳು ಬರತೊಡಗಿದ್ದವು. ಪಾಠದ ಬದಲು ಆಟ ಮಾಡಿದರೆ ಹೇಗೆ ಎಂಬ ಯೋಚನೆ ಬಂದದ್ದು ಅಲ್ಲಿ. ರಾತ್ರಿಗಳಲ್ಲಿ ಕೂತು ಚಿತ್ರ ಬರೆದರು, ಲೆಕ್ಕ ಹಾಕಿದರು, ಅಳಿಸಿದರು. 1903ರ ಮಾರ್ಚ್‌ನಲ್ಲಿ ಅರ್ಜಿ ಹಾಕಿ, 1904ರ ಜನವರಿ 5ರಂದು ಪೇಟೆಂಟ್ ಪಡೆದರು. ಸಂಖ್ಯೆ 7,48,626. ಆಟದ ಹೆಸರು 'ಲ್ಯಾಂಡ್‌ಲಾರ್ಡ್ಸ್ ಗೇಮ್', ಅಂದರೆ ಜಮೀನ್ದಾರನ ಆಟ.

ಆ ಪೇಟೆಂಟಿನ ಚಿತ್ರ ನೋಡಿದರೆ ಯಾರಿಗಾದರೂ ಗುರುತು ಸಿಗುತ್ತದೆ. ಚೌಕಾಕಾರದ ಹಲಗೆ. ಅಂಚಿನ ಸುತ್ತ ಮನೆಗಳ ಸಾಲು. ಕೊಳ್ಳಲು ನಿವೇಶನಗಳು, ಒಂದೊಂದಕ್ಕೂ ಬೆಲೆ, ಬಾಡಿಗೆ. ನಾಲ್ಕು ಕಡೆ ನಾಲ್ಕು ರೈಲ್ವೆ. ಒಂದು ಮೂಲೆಯಲ್ಲಿ ಜೈಲು, ಇನ್ನೊಂದರಲ್ಲಿ ಸಾರ್ವಜನಿಕ ಉದ್ಯಾನ. ದುಡ್ಡು ಮುಗಿದವರಿಗೆ ಬಡವರ ಛತ್ರ. ಮತ್ತೊಂದು ಮೂಲೆಯ ಮಾಲೀಕ ಲಂಡನ್ನಿನಲ್ಲಿ ಕೂತಿರುವ ಲಾರ್ಡ್ ಬ್ಲೂಬ್ಲಡ್ ಎಂಬ ಕಾಲ್ಪನಿಕ ಸಾಹುಕಾರ. ಅಲ್ಲಿಗೆ ಕಾಲಿಟ್ಟರೆ ಅತಿಕ್ರಮ ಪ್ರವೇಶ, ಸೀದಾ ಜೈಲು. ಅಮೆರಿಕದ ನೆಲವನ್ನು ವಿದೇಶಿ ಧಣಿಗಳು ಹಿಡಿದಿಟ್ಟುಕೊಂಡದ್ದಕ್ಕೆ ಆಕೆ ಕೊಟ್ಟ ಏಟು ಇದು. ಶುರುವಿನ ಮೂಲೆಯಲ್ಲಿ ಭೂಮಿತಾಯಿ. ಒಂದು ಸುತ್ತು ಮುಗಿಸಿ ಆ ಮೂಲೆ ದಾಟಿದರೆ, ಭೂಮಿಯ ಮೇಲೆ ದುಡಿದದ್ದಕ್ಕೆ ಕೂಲಿ 100 ಡಾಲರ್.

ನಮ್ಮ ಪಗಡೆಯನ್ನೋ ಚೌಕಾಬಾರವನ್ನೋ ನೆನಪಿಸಿಕೊಳ್ಳಿ. ಕಾಯಿ ಹೊರಟು, ಸುತ್ತಿ, ಹಣ್ಣಾಗಿ ಒಳಗೆ ಸೇರಿದರೆ ಮುಗಿಯಿತು. ಹಾವು ಏಣಿಯಲ್ಲೂ 100ನೇ ಮನೆ ಮುಟ್ಟಿದರೆ ಮುಗಿಯಿತು. ಲಿಜ್ಜಿಯ ಹಲಗೆಯಲ್ಲಿ ಸೇರಬೇಕಾದ ಮನೆಯೇ ಇಲ್ಲ. ಸುತ್ತಬೇಕು, ಸಂಬಳ ತೆಗೆದುಕೊಳ್ಳಬೇಕು, ಬಾಡಿಗೆ ಕಟ್ಟಬೇಕು, ಮತ್ತೆ ಸುತ್ತಬೇಕು. ಒಂದನೇ ತಾರೀಖಿನಿಂದ ಒಂದನೇ ತಾರೀಖಿಗೆ ಬದುಕುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹಲಗೆಯ ಆಟದಲ್ಲಿ ಸಿದ್ಧಾಂತ ತುಂಬಿದರೆ ಸಾಮಾನ್ಯವಾಗಿ ಆಟ ಸಾಯುತ್ತದೆ. ಇದು ಸಾಯಲಿಲ್ಲ. ಕಾರಣ ಅದರ ಕಟ್ಟಣೆಯಲ್ಲಿದೆ. ಎಲ್ಲರೂ ಒಂದೇ ಮೊತ್ತದಿಂದ ಶುರು ಮಾಡುತ್ತಾರೆ, ಹಾಗಾಗಿ ಎಲ್ಲರಿಗೂ ಆಸೆ ಇರುತ್ತದೆ. ದಾಳ ಇರುವುದರಿಂದ ಬುದ್ಧಿವಂತನೇ ಗೆಲ್ಲುತ್ತಾನೆಂಬ ಖಾತ್ರಿಯಿಲ್ಲ. ಕೊಳ್ಳುವುದೋ ಬಿಡುವುದೋ ಎಂಬ ತೀರ್ಮಾನ ಇರುವುದರಿಂದ ಬರೀ ಅದೃಷ್ಟವೂ ಅಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ನಿಮ್ಮ ಸರದಿ ಇಲ್ಲದಾಗಲೂ ನಿಮಗೆ ಕೆಲಸವಿದೆ. ಬೇರೆಯವನ ದಾಳ ನಿಮ್ಮ ನಿವೇಶನದ ಮೇಲೆ ಬೀಳುತ್ತದಾ ಎಂದು ಉಸಿರು ಬಿಗಿಹಿಡಿದು ನೋಡುತ್ತೀರಿ. ಚದುರಂಗಕ್ಕೆ ಇಬ್ಬರು ಸಾಕು. ಇದಕ್ಕೆ ಗುಂಪು ಬೇಕು, ಗುಂಪಿದ್ದರೇ ರುಚಿ. ಇವತ್ತು ಜಗತ್ತಿನಾದ್ಯಂತ ಆಡುವ ಆರ್ಥಿಕ ತಂತ್ರದ ಆಟಗಳಿಗೆಲ್ಲ ಈ ಗುಣ ಬಂದಿದೆ. 1995ರಲ್ಲಿ ಜರ್ಮನಿಯಲ್ಲಿ ಬಂದ ಕ್ಲಾಸ್ ಟಾಯ್ಬರ್ ಅವರ 'ಕ್ಯಾಟನ್' ಆಟದಲ್ಲಿ ಕುರಿ ಕೊಟ್ಟು ಇಟ್ಟಿಗೆ ತೆಗೆದುಕೊಳ್ಳುವ ಚೌಕಾಸಿಯೇ ಅರ್ಧ ಮಜಾ. ಬೆಂಗಳೂರಿನ ಬೋರ್ಡ್ ಗೇಮ್ ಕೆಫೆಗಳಲ್ಲಿ ಅದನ್ನು ಆಡುವಾಗ ಕೇಳುವ ಗದ್ದಲ ಸಂತೆಯ ಗದ್ದಲವೇ.

ಹಲಗೆ ಒಂದೇ, ನಿಯಮ ಎರಡು

1906ರಲ್ಲಿ ಲಿಜ್ಜಿ ಶಿಕಾಗೊಕ್ಕೆ ಹೋದರು. ಅದೇ ವರ್ಷ ಹೆನ್ರಿ ಜಾರ್ಜ್ ಅನುಯಾಯಿಗಳಾಗಿದ್ದ ಗೆಳೆಯರ ಜತೆ ಸೇರಿ 'ಎಕನಾಮಿಕ್ ಗೇಮ್ ಕಂಪನಿ' ಕಟ್ಟಿ ಆಟವನ್ನು ಅಚ್ಚು ಹಾಕಿಸಿದರು.

ಸ್ಟೆನೊ ಕೆಲಸದಲ್ಲಿ ಆಗ ಆಕೆಗೆ ಸಿಗುತ್ತಿದ್ದುದು ವಾರಕ್ಕೆ 10 ಡಾಲರ್. ಅದರಲ್ಲಿ ಜೀವನ ಸಾಗುತ್ತಿರಲಿಲ್ಲ. ಆಗ ಮಾಡಿದ ಕೆಲಸ ದೇಶವನ್ನೇ ಬೆಚ್ಚಿಬೀಳಿಸಿತು. ತನ್ನನ್ನು ತಾನೇ ಹರಾಜಿಗಿಟ್ಟು ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟರು. ಯುವತಿಯೊಬ್ಬಳು ಗುಲಾಮಳಾಗಿ ಮಾರಾಟಕ್ಕಿದ್ದಾಳೆ, ಹೆಚ್ಚು ಕೊಟ್ಟವರಿಗೆ ಎನ್ನುವ ಅರ್ಥದ ಜಾಹೀರಾತು. ನಗೆಗೆ ಮಾಡಿದ್ದಲ್ಲ. ದುಡಿಯುವ ಹೆಣ್ಣಿನ ಸ್ಥಿತಿ ಈ ದೇಶದಲ್ಲಿ ಎಲ್ಲಿದೆ ಎಂದು ತೋರಿಸಲು ಮಾಡಿದ್ದು. ಸುದ್ದಿ ಊರೂರಿಗೆ ಹರಡಿತು, ಟೀಕೆಯೂ ಬಂತು. ಅದೇ ವರ್ಷ ಆಕೆಗೆ ಪತ್ರಿಕೆಯೊಂದರಲ್ಲಿ ವರದಿಗಾರ್ತಿ ಕೆಲಸ ಸಿಕ್ಕಿತು.

ಆಟದ ವಿಚಾರಕ್ಕೆ ಮರಳಿದರೆ, ನನಗೆ ಇಡೀ ಬದುಕಿನಲ್ಲಿ ಅತಿ ಮುಖ್ಯ ಎನ್ನಿಸುವುದು ಒಂದು ಸಂಗತಿ. ಲಿಜ್ಜಿ ತನ್ನ ಹಲಗೆಗೆ ಎರಡು ಬಗೆಯ ನಿಯಮ ಬರೆದಿದ್ದರು.

ಮೊದಲನೆಯದು ನಮಗೆಲ್ಲ ಗೊತ್ತಿರುವುದು. ಕೊಳ್ಳು, ಬಾಡಿಗೆ ವಸೂಲಿ ಮಾಡು, ಉಳಿದವರನ್ನು ಮುಳುಗಿಸು. ಕೊನೆಗೆ ಉಳಿಯುವವನು ಒಬ್ಬ. ಎರಡನೆಯದು ಏಕ ತೆರಿಗೆಯ ನಿಯಮ. ಇದರಲ್ಲಿ ನೆಲದ ಬಾಡಿಗೆ ಸಾರ್ವಜನಿಕ ಖಜಾನೆಗೆ ಹೋಗುತ್ತದೆ. ಖಜಾನೆ ತುಂಬಿದಂತೆ ಎಲ್ಲರೂ ದುಡ್ಡು ತೆತ್ತು ಬಳಸುತ್ತಿದ್ದ ಸೌಲಭ್ಯಗಳು ಒಂದೊಂದಾಗಿ ಉಚಿತವಾಗುತ್ತವೆ. ಜೈಲಿಗೆ ತಳ್ಳುತ್ತಿದ್ದ ಸಾಹುಕಾರನ ಎಸ್ಟೇಟು ಉಚಿತ ಕಾಲೇಜಾಗುತ್ತದೆ. ಎಲ್ಲರಿಗಿಂತ ಕಡಿಮೆ ಹಣವಿದ್ದವನ ಹಣ ಎರಡರಷ್ಟಾದಾಗ ಆಟ ಮುಗಿಯುತ್ತದೆ, ಗೆದ್ದವರು ಎಲ್ಲರೂ.

ಎರಡನ್ನೂ ಆಡಿ ನೋಡಿ, ಹಲಗೆ ಅದೇ, ದಾಳ ಅದೇ, ಆಡುವವರು ಅವರೇ; ಬದಲಾದದ್ದು ನಿಯಮ ಮಾತ್ರ ಎಂದು ಜನಕ್ಕೆ ಕಾಣಲಿ ಎನ್ನುವುದು ಆಕೆಯ ಉದ್ದೇಶ.

ಓದಿ ಸುಮ್ಮನಿರಲಾಗಲಿಲ್ಲ. ನಾನು ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತ ಬೆಂಗಳೂರಿನ ವಿಜಯನಗರದ ಪಿಜಿಯೊಂದರಲ್ಲಿದ್ದೇನೆ. ಐದು ಜನ ರೂಮ್‌ಮೇಟ್‌ಗಳು ಎರಡು ಭಾನುವಾರ ಇದಕ್ಕೆಂದೇ ಕೂತೆವು. ಹಲಗೆ ನಮ್ಮ ಬಿಸಿನೆಸ್ ಡಬ್ಬಿಯದೇ. ಮೊದಲ ಭಾನುವಾರ ಮಾಮೂಲಿ ನಿಯಮ. ಒಂದು ಗಂಟೆಯೊಳಗೆ ಇಬ್ಬರು ದಿವಾಳಿ. ಒಬ್ಬ ಮೊಬೈಲ್ ಹಿಡಿದು ಗೋಡೆಗೆ ಒರಗಿದ, ಇನ್ನೊಬ್ಬ ಚಹಾ ತರಲು ಹೋದವನು ವಾಪಸ್ ಬಂದದ್ದು ಮುಕ್ಕಾಲು ಗಂಟೆ ಬಿಟ್ಟು. ಗೆಲ್ಲುತ್ತಿದ್ದ ದಾವಣಗೆರೆಯವನು ಬಾಡಿಗೆ ಕೇಳುವ ದನಿ ಥೇಟ್ ನಮ್ಮ ಪಿಜಿ ಮಾಲೀಕರ ದನಿಯಾಗಿತ್ತು. ಹಾಗೆಂದು ನಾವೇ ರೇಗಿಸಿದೆವು. ಅವನಿಗೆ ಕೋಪ ಬರಲಿಲ್ಲ, ಖುಷಿಯೇ ಆಯಿತು.

ಎರಡನೇ ಭಾನುವಾರ ನಡುವೆ ಒಂದು ಸ್ಟೀಲ್ ಡಬ್ಬಿ ಇಟ್ಟೆವು. ಅದು ಖಜಾನೆ. ಬಾಡಿಗೆಯೆಲ್ಲ ಅದಕ್ಕೆ. ಡಬ್ಬಿ ತುಂಬಿದಾಗ ಮೊದಲು ರೈಲು ಉಚಿತ, ಆಮೇಲೆ ವಿದ್ಯುತ್ ಉಚಿತ ಎಂದು ನಾವೇ ತೀರ್ಮಾನಿಸಿಕೊಂಡೆವು. ಯಾರೂ ಆಟದಿಂದ ಹೊರಬೀಳಲಿಲ್ಲ. ವಿಚಿತ್ರವೆಂದರೆ ಎಲ್ಲರಿಗಿಂತ ಹಿಂದುಳಿದವನ ದಾಳಕ್ಕೆ ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದೆವು. ಅವನ ಹಣ ಎರಡರಷ್ಟಾದರೆ ತಾನೇ ನಮಗೂ ಗೆಲುವು?

ಆದರೆ ಒಂದು ಮಾತು ಹೇಳಲೇಬೇಕು. ಎರಡೂ ಮುಗಿದ ಮೇಲೆ ಮತ್ತೆ ಯಾವುದು ಆಡೋಣ ಎಂದು ಕೇಳಿದರೆ, ಐವರಲ್ಲಿ ನಾಲ್ವರು ಮೊದಲನೆಯದನ್ನೇ ಕೇಳಿದರು. ಮೊದಲನೆಯ ದಿನ ಒಂದು ಗಂಟೆಗೇ ದಿವಾಳಿಯಾದವನೂ ಅವರಲ್ಲಿದ್ದ. ಮುಂದಿನ ಸಲ ನಾನೇ ಗೆಲ್ಲುತ್ತೇನೆ ಎನ್ನುವುದು ಅವನ ಲೆಕ್ಕ. ಲಿಜ್ಜಿಯ ಎರಡನೇ ನಿಯಮ ಜಗತ್ತಿನಿಂದ ಮರೆಯಾದದ್ದು ಏಕೆಂದು ನನಗೆ ಅರ್ಥವಾದದ್ದು ಆಗ. ಯಾರೋ ಒಬ್ಬರು ಕದ್ದದ್ದರಿಂದ ಮಾತ್ರ ಅಲ್ಲ. ಆಡುವ ನಮಗೇ ಅದು ಬೇಕಿರಲಿಲ್ಲ.

ಕೈಯಿಂದ ಕೈಗೆ

ಕಂಪನಿ ಮಾರಿದ ಪ್ರತಿಗಳಿಗಿಂತ ಜನ ಕೈಯಲ್ಲೇ ಬರೆದುಕೊಂಡ ಪ್ರತಿಗಳಿಂದ ಆಟ ಹೆಚ್ಚು ದೂರ ಹೋಯಿತು. ಡೆಲವೇರ್ ರಾಜ್ಯದಲ್ಲಿ ಆರ್ಡನ್ ಎಂಬ ಪುಟ್ಟ ಊರಿದೆ. 1900ರಲ್ಲಿ ಏಕ ತೆರಿಗೆಯ ತತ್ವದ ಮೇಲೆಯೇ ಕಟ್ಟಿದ ಊರು. ಅಲ್ಲಿ ಈ ಆಟ ಮನೆಮಾತಾಯಿತು. ಆ ಊರಿನಲ್ಲಿದ್ದ ಸ್ಕಾಟ್ ನಿಯರಿಂಗ್ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ವಾರ್ಟನ್ ಸ್ಕೂಲಿನಲ್ಲಿ ಅರ್ಥಶಾಸ್ತ್ರದ ಮೇಷ್ಟರು. ಅವರು ತರಗತಿಗೂ ಆಟ ಒಯ್ದರು. ವಿದ್ಯಾರ್ಥಿಗಳು ಎಣ್ಣೆಬಟ್ಟೆಯ ಮೇಲೆ ಹಲಗೆ ಬರೆದುಕೊಂಡರು. ತಮ್ಮ ಊರಿನ ಬೀದಿಗಳ ಹೆಸರು ಹಾಕಿಕೊಂಡರು. ಹೆಸರು ಕೂಡ ಬಾಯಿಂದ ಬಾಯಿಗೆ ಬದಲಾಗಿ ಮೊನೊಪೊಲಿ ಆಟ ಎಂದಾಯಿತು. ಲಿಜ್ಜಿ ಹೆಸರು ಮಾತ್ರ ದಾರಿಯಲ್ಲೆಲ್ಲೋ ಬಿದ್ದುಹೋಯಿತು.

ಅಟ್ಲಾಂಟಿಕ್ ಸಿಟಿ ಎಂಬ ಕಡಲ ತೀರದ ಪಟ್ಟಣದಲ್ಲಿ ಕ್ವೇಕರ್ ಪಂಗಡದ ಗೆಳೆಯರ ಗುಂಪೊಂದು ಇದನ್ನು ಆಡುತ್ತಿತ್ತು. ಸದ್ದುಗದ್ದಲ ಇಷ್ಟಪಡದ ಜನ ಅವರು. ಹರಾಜು ಕೂಗುವುದು ಬೇಡವೆಂದು ಬೆಲೆಗಳನ್ನು ಹಲಗೆಯ ಮೇಲೇ ಬರೆದರು, ತಮ್ಮ ಊರಿನ ಬೀದಿಗಳನ್ನು ಸೇರಿಸಿದರು. ಆ ಹಲಗೆ ಗೆಳೆಯರಿಂದ ಗೆಳೆಯರಿಗೆ ಹೋಗಿ ಫಿಲಡೆಲ್ಫಿಯಾದ ಚಾರ್ಲ್ಸ್ ಟಾಡ್ ಎಂಬಾತನ ಮನೆ ತಲುಪಿತು. ಟಾಡ್ ದಂಪತಿ ಅದನ್ನು ಪರಿಚಯದ ಇನ್ನೊಂದು ಕುಟುಂಬಕ್ಕೆ ಕಲಿಸಿದರು. ಅವರೇ ಡ್ಯಾರೋ ಕುಟುಂಬ. ಡ್ಯಾರೋಗೆ ಆಟ ತುಂಬ ಹಿಡಿಸಿತು. ನಿಯಮಗಳನ್ನು ಬರೆದುಕೊಡು ಎಂದು ಕೇಳಿದ, ಟಾಡ್ ಟೈಪ್ ಮಾಡಿಕೊಟ್ಟ.

ಇಲ್ಲೊಂದು ತಮಾಷೆ ಇದೆ. ಟಾಡ್ ತನ್ನ ಹಲಗೆಯಲ್ಲಿ ಒಂದು ಬಡಾವಣೆಯ ಹೆಸರನ್ನು ತಪ್ಪಾಗಿ ಬರೆದಿದ್ದ. ಮಾರ್ವೆನ್ ಗಾರ್ಡನ್ಸ್ ಆಗಬೇಕಿದ್ದುದು ಮಾರ್ವಿನ್ ಗಾರ್ಡನ್ಸ್ ಆಗಿತ್ತು. ಡ್ಯಾರೋ ಮಾಡಿದ ಹಲಗೆಯಲ್ಲೂ ಅದೇ ತಪ್ಪು. ಪರೀಕ್ಷೆಯಲ್ಲಿ ಪಕ್ಕದವನ ಉತ್ತರ ಇಳಿಸಿಕೊಂಡವನು ಸಿಕ್ಕಿಬೀಳುವುದು ಸರಿಯುತ್ತರದಿಂದಲ್ಲ, ತಪ್ಪಿನಿಂದ. ಕಾಲ ದೇಶ ಯಾವುದಾದರೂ ಈ ನಿಯಮ ಬದಲಾಗದು.

500 ಡಾಲರ್

ಇತ್ತ ಲಿಜ್ಜಿ 1910ರಲ್ಲಿ, 44ನೇ ವಯಸ್ಸಿನಲ್ಲಿ, ಆಲ್ಬರ್ಟ್ ಫಿಲಿಪ್ಸ್ ಎಂಬ ವ್ಯಾಪಾರಿಯನ್ನು ಮದುವೆಯಾದರು. ಅದೇ ವರ್ಷ ಅವರ 'ಮಾಕ್ ಟ್ರಯಲ್' ಎಂಬ ಇಸ್ಪೀಟು ಮಾದರಿಯ ಆಟವನ್ನು ಪಾರ್ಕರ್ ಬ್ರದರ್ಸ್ ಕಂಪನಿ ಪ್ರಕಟಿಸಿತು. ಜಮೀನ್ದಾರನ ಆಟವನ್ನು ಮಾತ್ರ ಅವರು ತೆಗೆದುಕೊಳ್ಳಲಿಲ್ಲ. ಮೊದಲ ಪೇಟೆಂಟಿನ ಅವಧಿ ಮುಗಿಯಿತು. ಲಿಜ್ಜಿ ಬಿಡಲಿಲ್ಲ. ಹಲಗೆ ತಿದ್ದಿ 1924ರಲ್ಲಿ ಎರಡನೇ ಪೇಟೆಂಟ್ ಪಡೆದರು.

ಡ್ಯಾರೋ ತನ್ನ ಹಲಗೆಯನ್ನು ಪಾರ್ಕರ್ ಬ್ರದರ್ಸ್‌ಗೆ ತೋರಿಸಿದಾಗ ಮೊದಲು ಅವರೂ ಬೇಡವೆಂದರು. ಆತ ತಾನೇ ಮಾಡಿಸಿ ಮಾರಿದ್ದು ಚೆನ್ನಾಗಿ ಹೋಗುವುದನ್ನು ನೋಡಿ 1935ರಲ್ಲಿ ಕೊಂಡುಕೊಂಡರು. ಊರಿಗೆಲ್ಲ ಕೆಲಸವಿಲ್ಲದ ಕಾಲ. ಕೈಯಲ್ಲಿ ನಿಜವಾದ ದುಡ್ಡಿಲ್ಲದವರು ಸುಳ್ಳು ನೋಟು ಹಿಡಿದು ಬೀದಿಗಟ್ಟಲೆ ಕೊಳ್ಳುತ್ತಿದ್ದರು. ಆಟ ಲಕ್ಷಗಟ್ಟಲೆ ಮಾರಾಟವಾಯಿತು.

ಅಷ್ಟರಲ್ಲಿ ಕಂಪನಿಗೆ ಲಿಜ್ಜಿಯ ಪೇಟೆಂಟ್ ಅಡ್ಡ ಬಂತು. 1935ರ ನವೆಂಬರಿನಲ್ಲಿ ಕಂಪನಿ ಸ್ಥಾಪಕ ಜಾರ್ಜ್ ಪಾರ್ಕರ್ ಸ್ವತಃ ವರ್ಜೀನಿಯಾದ ಆರ್ಲಿಂಗ್ಟನ್‌ನಲ್ಲಿದ್ದ ಆಕೆಯ ಮನೆಗೆ ಬಂದರು. ಈ ಪಾರ್ಕರ್ ಕೂಡ ಸಾಮಾನ್ಯರಲ್ಲ. 16ನೇ ವಯಸ್ಸಿಗೇ ಬ್ಯಾಂಕಿಂಗ್ ಕುರಿತ ಆಟ ಮಾಡಿ ಮಾರಿ ಕಂಪನಿ ಶುರು ಮಾಡಿದವರು. ಪೇಟೆಂಟಿಗೆ ಕೊಟ್ಟ ಬೆಲೆ 500 ಡಾಲರ್. ಮಾರಾಟದಲ್ಲಿ ಪಾಲಿಲ್ಲ. ಜತೆಗೆ ಜಮೀನ್ದಾರನ ಆಟವನ್ನೂ ಇನ್ನೆರಡು ಆಟಗಳನ್ನೂ ಪ್ರಕಟಿಸುವುದಾಗಿ ಮಾತು.

ಲಿಜ್ಜಿಗೆ ಮೊದಲು ಸಂತೋಷವೇ ಆಯಿತು. 69 ವರ್ಷದ ಆಕೆಗೆ ಬೇಕಿದ್ದುದು ಹಣಕ್ಕಿಂತ ಹೆಚ್ಚಾಗಿ ತನ್ನ ವಿಚಾರ ದೇಶದ ಮನೆಮನೆ ಮುಟ್ಟುವುದು. ದೊಡ್ಡ ಕಂಪನಿ ಕೈಹಿಡಿದರೆ ಅದು ಆಗುತ್ತದೆಂಬ ನಂಬಿಕೆ. ಆದದ್ದು ಬೇರೆ. ಡ್ಯಾರೋ ಕಂಡುಹಿಡಿದ ಎಂಬ ಕತೆಯೊಂದಿಗೆ ಮೊನೊಪೊಲಿ ಎಲ್ಲೆಡೆ ರಾರಾಜಿಸಿತು. 1936ರ ಜನವರಿಯಲ್ಲಿ ಲಿಜ್ಜಿ ವಾಷಿಂಗ್ಟನ್ ಪತ್ರಿಕೆಗಳ ಮುಂದೆ ತನ್ನ ಹಳೆಯ ಹಲಗೆಗಳನ್ನು ಹಿಡಿದು ನಿಂತರು. ವಕೀಲರಿಗೆ, ಮುದ್ರಕರಿಗೆ, ಪೇಟೆಂಟ್ ಕಚೇರಿಗೆ ಆಕೆ ಸುರಿದದ್ದೇ ಬಂದ ಹಣಕ್ಕಿಂತ ಹೆಚ್ಚೆಂದು ವರದಿ ಬಂತು. ಒಂದೆರಡು ದಿನದ ಸುದ್ದಿ. ಆಮೇಲೆ ಮರೆತರು.

ಕಂಪನಿ ಮಾತಿನಂತೆ 'ಕಿಂಗ್ಸ್ ಮೆನ್', 'ಬಾರ್ಗೇನ್ ಡೇ' ಎಂಬ ಆಕೆಯ ಎರಡು ಆಟಗಳನ್ನು 1937ರಲ್ಲಿ, ಜಮೀನ್ದಾರನ ಆಟವನ್ನು 1939ರಲ್ಲಿ ತಂದಿತು. ಯಾವುದೂ ನಡೆಯಲಿಲ್ಲ. 1940ರ ಜನಗಣತಿಯಲ್ಲಿ ಉದ್ಯೋಗದ ಕಾಲಮ್ಮಿನಲ್ಲಿ ಆಕೆ ಬರೆಸಿದ್ದು ಆಟ ತಯಾರಕಿ ಎಂದು. ಆದಾಯದ ಕಾಲಮ್ಮಿನಲ್ಲಿ ಸೊನ್ನೆ. 1948ರಲ್ಲಿ ತೀರಿಕೊಂಡರು. ಮಕ್ಕಳಿರಲಿಲ್ಲ. ಸಮಾಧಿಯ ಮೇಲೆ ಆಟದ ಸುಳಿವಿಲ್ಲ.

ಆ ಜನಗಣತಿಯ ಎರಡು ಕಾಲಮ್ಮುಗಳ ಮುಂದೆ ನಾನು ಬಹಳ ಹೊತ್ತು ಕೂತೆ. ಅರ್ಜಿ ತುಂಬುವಾಗ ಉದ್ಯೋಗ ಎಂಬಲ್ಲಿ ಏನು ಬರೆಯುವುದೆಂದು ತಿಣುಕುವ ನಮಗೆ ಆದಾಯ ಸೊನ್ನೆ ಎಂಬುದರ ಭಾರ ಗೊತ್ತು. 73 ವರ್ಷದ ಆಕೆ ಆದಾಯದ ಸೊನ್ನೆಯನ್ನು ಒಪ್ಪಿಕೊಂಡರು, ಉದ್ಯೋಗದ ಕಾಲಮ್ಮನ್ನು ಮಾತ್ರ ಬಿಟ್ಟುಕೊಡಲಿಲ್ಲ.

ಕಾಗದ ಉಳಿಯಿತು

ಕತೆ ಹೊರಬಂದದ್ದು ಇನ್ನೊಬ್ಬ ಹಟಮಾರಿಯಿಂದ. ಸ್ಯಾನ್‌ಫ್ರಾನ್ಸಿಸ್ಕೊದ ಅರ್ಥಶಾಸ್ತ್ರದ ಪ್ರಾಧ್ಯಾಪಕ ರಾಲ್ಫ್ ಆನ್ಸ್‌ಪಾಕ್ 1973ರಲ್ಲಿ 'ಆಂಟಿ ಮೊನೊಪೊಲಿ' ಎಂಬ ಆಟ ತಂದರು. ಹೆಸರು ನಮ್ಮದು ಎಂದು ಪಾರ್ಕರ್ ಬ್ರದರ್ಸ್ ತಕರಾರು ತೆಗೆಯಿತು. ಪ್ರಕರಣ ಕೋರ್ಟು ಹತ್ತಿತು. 1977ರಲ್ಲಿ ಅವರ ಆಟದ ಸುಮಾರು 40 ಸಾವಿರ ಡಬ್ಬಿಗಳನ್ನು ಕಸದ ಗುಂಡಿಯಲ್ಲಿ ಹೂಳಲಾಯಿತು. ತನ್ನ ಪರ ಸಾಕ್ಷಿ ಹುಡುಕುತ್ತ ಹೋದ ಆನ್ಸ್‌ಪಾಕ್‌ಗೆ ಲಿಜ್ಜಿಯ ಪೇಟೆಂಟ್‌ಗಳು ಸಿಕ್ಕವು. ಅಟ್ಲಾಂಟಿಕ್ ಸಿಟಿಯ ಹಳೆಯ ಆಟಗಾರರು ಸಿಕ್ಕರು. ಮುದುಕ ಟಾಡ್ ಕೂಡ ಸಿಕ್ಕಿ ತನ್ನ ಕಾಗುಣಿತದ ತಪ್ಪಿನ ಕತೆ ಹೇಳಿದ. ವರ್ಷಗಟ್ಟಲೆ ನಡೆದ ವ್ಯಾಜ್ಯದಲ್ಲಿ ಮೇಲ್ಮನವಿ ನ್ಯಾಯಾಲಯ ಆನ್ಸ್‌ಪಾಕ್ ಪರ ತೀರ್ಪು ಕೊಟ್ಟಿತು. 1983ರಲ್ಲಿ ಸುಪ್ರೀಂ ಕೋರ್ಟ್ ಅದರಲ್ಲಿ ಕೈ ಹಾಕಲು ಒಪ್ಪಲಿಲ್ಲ. 2015ರಲ್ಲಿ ಮೇರಿ ಪೈಲನ್ ಎಂಬ ಪತ್ರಕರ್ತೆಯ 'ದ ಮೊನೊಪೊಲಿಸ್ಟ್ಸ್' ಪುಸ್ತಕ ಬಂದ ಮೇಲೆ ಲಿಜ್ಜಿಯ ಹೆಸರು ಮತ್ತಷ್ಟು ಜನಕ್ಕೆ ತಿಳಿಯಿತು.

ಇದನ್ನು ಬರೀ ಮೋಸಹೋದ ಹೆಣ್ಣಿನ ಕತೆ ಎಂದು ಓದಬಹುದು. ಹಾಗೆ ಓದುವವರೇ ಹೆಚ್ಚು. ನನಗೆ ಅಷ್ಟಕ್ಕೇ ನಿಲ್ಲಿಸಲು ಮನಸ್ಸಿಲ್ಲ. ಲಿಜ್ಜಿ ಕಳೆದುಕೊಂಡ ಹಣ ದೊಡ್ಡದೇ. ಆದರೆ ಅದಕ್ಕಿಂತ ದೊಡ್ಡ ನಷ್ಟ ಆಟದ ಎರಡನೇ ಅರ್ಧ. ಇಂಥ ಆಟ ಹೇಗೆ ಮುಗಿಯುತ್ತದೆ ನೋಡಿ ಎಂದು ಎಚ್ಚರಿಸಲು ಬರೆದ ನಿಯಮವನ್ನೇ ಜಗತ್ತು ಗೆಲ್ಲುವುದು ಹೇಗೆ ಎಂಬ ಪಾಠವಾಗಿ ಕಲಿಯಿತು. ಮೊನೊಪೊಲಿಯ ಬಗ್ಗೆ ಇವತ್ತಿನ ಆಟಗಾರರ ದೂರು ಏನು? ಒಮ್ಮೆ ಮುಂದೆ ಹೋದವನನ್ನು ಹಿಡಿಯಲಾಗದು, ಸೋತವನು ಗಂಟೆಗಟ್ಟಲೆ ಸುಮ್ಮನೆ ಕೂರಬೇಕು ಎಂದು. ಅದು ಆಟದ ಐಬಲ್ಲ. ಆಕೆ ಹೇಳಹೊರಟದ್ದೇ ಅದನ್ನು.

ಇನ್ನೊಂದು ಸಂಗತಿ ನಮ್ಮಂಥ ಉದ್ಯೋಗಾಕಾಂಕ್ಷಿಗಳಿಗೆ. ಲಿಜ್ಜಿಗೆ ದೊಡ್ಡ ಹುದ್ದೆ ಇರಲಿಲ್ಲ, ಬಂಡವಾಳ ಇರಲಿಲ್ಲ. ಇದ್ದದ್ದು ಒಂದು ವಿಚಾರ, ಮತ್ತು ಅದನ್ನು ಕಾಗದದ ಮೇಲೆ ತಂದು, ಸಹಿ ಹಾಕಿ, ದಾಖಲು ಮಾಡುವ ಗುಮಾಸ್ತರ ಶಿಸ್ತು. ಆಕೆಯ ಹೆಸರನ್ನು 70 ವರ್ಷದ ನಂತರ ಮೇಲಕ್ಕೆತ್ತಿದ್ದು ಆ ಕಾಗದವೇ ಹೊರತು ಯಾರ ದಯೆಯೂ ಅಲ್ಲ. ವಿಳಾಸ ತಪ್ಪಿದ ಕಾಗದಗಳ ಕಚೇರಿಯಲ್ಲಿ ದುಡಿದ ಆಕೆಯ ಕಾಗದ ತಡವಾಗಿಯಾದರೂ ತಲುಪಬೇಕಾದಲ್ಲಿಗೆ ತಲುಪಿತು. ಪ್ರಾಜೆಕ್ಟ್ ಇರಲಿ, ಕತೆ ಇರಲಿ, ಆ್ಯಪ್ ಇರಲಿ, ನಿಮ್ಮದೆನ್ನುವ ಕೆಲಸಕ್ಕೆ ದಿನಾಂಕ ಹಾಕಿ, ಹೆಸರು ಬರೆದು ಇಟ್ಟುಕೊಳ್ಳಿ. ಮಾರುವ ಮೊದಲು ಎರಡು ಸಲ ಓದಿ.

ಮುಂದಿನ ರಜೆಯಲ್ಲಿ ಬಿಸಿನೆಸ್ ಡಬ್ಬಿ ಬಿಚ್ಚಿದಾಗ ಒಂದೇ ಒಂದು ಸಲ ನಡುವೆ ಸ್ಟೀಲ್ ಡಬ್ಬಿ ಇಟ್ಟು ಆಡಿ ನೋಡಿ. ಬೇಜಾರಾದರೆ ಹಳೆಯ ನಿಯಮ ಇದ್ದೇ ಇದೆ. ಆದರೆ ನಿಯಮ ಎರಡಿತ್ತು ಎನ್ನುವುದಾದರೂ ನಿಮ್ಮ ಮನೆಯ ಚಿಕ್ಕವರಿಗೆ ಗೊತ್ತಿರಲಿ.